ಬಂಡವಾಳದ ಜೊತೆಗೆ ಹೊರಟ ಸಂಸಾರ

ಸಕಲೇಶಪುರದಿಂದ ಆಚೆಗೆ, ಮಲೆಯ ತಪ್ಪಲಲ್ಲಿರುವ ಒಂದು ಕಾಫಿ ತೋಟದ ಮನೆಯನ್ನು ಕಲ್ಪಿಸಿಕೊಳ್ಳೋಣ. ಮಂಗಳೂರು ಹೆಂಚು ಹೊದಿಸಿದ ಹಳೆಯ ಮನೆ, ಕಣದಲ್ಲಿ ಒಣಗುತ್ತಿರುವ ಚೆರ್ರಿ, ಜಗುಲಿಯ ಮೇಲೆ ಎಪ್ಪತ್ತೈದು ದಾಟಿದ ಅಜ್ಜಿ. ನಲವತ್ತೈದರ ಯಜಮಾನ, ಆತನ ಪತ್ನಿ, ಹದಿನೇಳರ ಮಗಳು, ಹನ್ನೊಂದರ ಮಗ. ಆಳುಗಳ ಅಭಾವ, ಕಾಂಡಕೊರಕದ ಕಾಟ, ಹೂಮಳೆ ಹದಕ್ಕೆ ಬಾರದೆ ಕೊಯ್ಲಿನ ಹೊತ್ತಿಗೆ ಸುರಿಯುವ ಅಕಾಲವೃಷ್ಟಿ, ರಾತ್ರಿ ಬೇಲಿ ಮುರಿದು ಬರುವ ಆನೆ, ಇವೆಲ್ಲವನ್ನೂ ಇಪ್ಪತ್ತು ವರ್ಷ ಸಹಿಸಿದ ಯಜಮಾನನಿಗೆ, ತೋಟದ ಅರ್ಧವನ್ನು ಮಾರಿ, ಬಂದ ಹಣದಲ್ಲಿ ಅಮೆರಿಕೆಯಲ್ಲೊಂದು ಉಪಾಹಾರಗೃಹವನ್ನು ತೆರೆದು, ಹೆಂಡತಿ ಮಕ್ಕಳೊಡನೆ ಅಲ್ಲಿಯೇ ನೆಲೆಸಬಾರದೇಕೆ ಎಂಬ ಆಲೋಚನೆ ಹುಟ್ಟಿದೆ. ಮನೆ ಕಲ್ಪಿತವಾದುದು, ಆಲೋಚನೆ ಮಾತ್ರ ಇಂದು ಕನ್ನಡನಾಡಿನ ಅನೇಕ ಅನುಕೂಲಸ್ಥ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ನಿಜವಾಗಿಯೇ ನಡೆಯುತ್ತಿರುವಂಥದು. ಹಣ ಹೂಡಿ ವಾಸದ ಹಕ್ಕನ್ನು ಪಡೆಯುವ ಈ ಮಾರ್ಗದ ಸ್ವರೂಪವೇನು, ಅದರಲ್ಲಿ ಸಂಸಾರಕ್ಕೆ ದೊರೆಯುವ ಸ್ಥಾನವೇನು ಎಂಬುದನ್ನು ಆ ಮನೆಯ ಕಣ್ಣಿನಿಂದಲೇ ನೋಡುವುದು ಉಚಿತವೆಂದು ನನಗೆ ತೋರುತ್ತದೆ.

ವ್ಯಾಪಾರಕ್ಕಾಗಿ ಊರು ಬಿಡುವುದು ನಮ್ಮವರಿಗೆ ಹೊಸತಲ್ಲ. ಉಡುಪಿಯ ಕಡೆಯಿಂದ ಮುಂಬಯಿಗೆ ಹೋದವರು ಹೆಚ್ಚಾಗಿ ಮೊದಲು ತಾವೊಬ್ಬರೇ ಹೋಗಿ, ಯಾರದೋ ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ಮಾಣಿಯಾಗಿ ದುಡಿದು, ನಾಲ್ಕು ಕಾಸು ಕೂಡಿದ ಮೇಲೆ ತಮ್ಮದೇ ಆದ ಹೋಟೆಲು ತೆರೆದು, ಕಾಲೂರಿತೆಂಬ ಧೈರ್ಯ ಬಂದ ನಂತರ ಸಂಸಾರವನ್ನು ಕರೆಸಿಕೊಂಡರು. ಮಾಟುಂಗದಲ್ಲಿ 1942 ರಲ್ಲಿ ಆರಂಭವಾಗಿ ಇಂದಿಗೂ ಬಾಳೆಯೆಲೆಯ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಹೋಟೆಲು ಆ ಪರಂಪರೆಗೆ ಸೇರಿದ್ದು. ಅಲ್ಲಿ ಮೊದಲು ಹೋದದ್ದು ಶ್ರಮ. ಬಂಡವಾಳ ಆಮೇಲಿನ ಮಾತು. ಹೂಡಿಕೆದಾರರ ವೀಸಾ ಈ ಕ್ರಮವನ್ನು ತಿರುಗಿಸಿಬಿಡುತ್ತದೆ. ಇಲ್ಲಿ ಮೊದಲು ಹೋಗುವುದು ಹಣ. ಹಣದ ಹಿಂದೆ ಅದರ ಒಡೆಯ. ಒಡೆಯನ ಹಿಂದೆ, ಕಾನೂನಿನ ಭಾಷೆಯಲ್ಲಿ ಅವಲಂಬಿತರೆನಿಸಿಕೊಂಡು, ಹೆಂಡತಿ ಮಕ್ಕಳು. ಆದರೆ ತೋಟದ ಮನೆಯವರ ಮನಸ್ಸಿನಲ್ಲಿರುವ ಕ್ರಮ ಇದಕ್ಕೆ ತೀರ ವಿರುದ್ಧವಾದುದು: ಮಕ್ಕಳಿಗಾಗಿ ಹೋಗುವುದು, ಹೋಗುವುದಕ್ಕಾಗಿ ವ್ಯಾಪಾರ ಹೂಡುವುದು, ವ್ಯಾಪಾರಕ್ಕಾಗಿ ತೋಟ ಮಾರುವುದು. ಕಾನೂನಿನ ಕ್ರಮವೂ ಮನೆಯ ಕ್ರಮವೂ ಎದುರುಬದುರಾಗಿ ನಿಂತಿರುವುದೇ ಮುಂದೆ ಬರುವ ಬಹುಪಾಲು ತೊಡಕುಗಳ ಮೂಲ.

ಅಮೆರಿಕೆಯಲ್ಲಿ ಹಣ ಹೂಡುವವನಿಗೆ ಮುಖ್ಯವಾಗಿ ಎರಡು ಬಾಗಿಲುಗಳಿವೆ. ಅವುಗಳಲ್ಲಿ ಸುಲಭವಾದುದು ಇ-2 ಎಂಬ ಒಪ್ಪಂದದ ವೀಸಾ. ಅದರಲ್ಲಿ ಇಷ್ಟೇ ಹಣ ಹೂಡತಕ್ಕದ್ದೆಂಬ ಗೊತ್ತಾದ ಮೊತ್ತವಿಲ್ಲ. ವ್ಯಾಪಾರದ ಗಾತ್ರಕ್ಕೆ ತಕ್ಕ ಗಣನೀಯವಾದ ಹೂಡಿಕೆಯಿರಬೇಕು, ಮತ್ತು ಆ ವ್ಯಾಪಾರ ಹೂಡಿದವನ ಹೊಟ್ಟೆಗಷ್ಟೇ ಸಾಲುವಂಥದಾಗಿರಬಾರದು. ಪತ್ನಿಯೂ ದುಡಿಯಬಹುದು, ವ್ಯಾಪಾರ ನಡೆಯುತ್ತಿರುವವರೆಗೆ ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು. ಆದರೆ ಈ ಬಾಗಿಲು ಅಮೆರಿಕೆಯೊಡನೆ ವಾಣಿಜ್ಯ ಒಪ್ಪಂದವಿರುವ ದೇಶಗಳ ಪ್ರಜೆಗಳಿಗೆ ಮಾತ್ರ ತೆರೆಯತಕ್ಕದ್ದು. ಬ್ರಿಟನ್ನಿನವರಿಗೆ 1815 ರ ಒಪ್ಪಂದದ ಬಲದಿಂದ, ಜಪಾನಿನವರಿಗೆ 1953 ರ ಒಪ್ಪಂದದ ಬಲದಿಂದ ದೊರೆಯುವ ಈ ಸೌಕರ್ಯ ಭಾರತೀಯರಿಗಿಲ್ಲ, ಏಕೆಂದರೆ ನಮಗೆ ಅಂಥ ಒಪ್ಪಂದವೇ ಇಲ್ಲ. ಇದನ್ನರಿತ ಕೆಲವು ದಲ್ಲಾಳಿಗಳು ಕೆರಿಬಿಯನ್ನಿನ ಗ್ರೆನೆಡಾದಂಥ ದೇಶದ ಪೌರತ್ವವನ್ನು ಹಣ ಕೊಟ್ಟು ಪಡೆದು ಅಲ್ಲಿಂದ ಅಮೆರಿಕೆಗೆ ದಾಟಿರೆಂದು ಸಲಹೆ ಮಾಡುತ್ತಾರೆ. ಅಂಥವರ ಮಾತಿಗೆ ಕಿವಿಗೊಡುವ ಮುನ್ನ ಎರಡು ವಿಷಯಗಳನ್ನು ನೆನಪಿಡಬೇಕು. ಹೀಗೆ ಹೂಡಿಕೆಯಿಂದ ಪೌರತ್ವ ಪಡೆದವನು ಆ ದೇಶದಲ್ಲಿ ಸತತವಾಗಿ ಮೂರು ವರ್ಷ ನೆಲೆಸಿರತಕ್ಕದ್ದೆಂದು ಅಮೆರಿಕೆ 2022 ರ ಡಿಸೆಂಬರಿನಲ್ಲಿ ಕಾನೂನು ಮಾಡಿತು. ಮತ್ತು ಸ್ವಇಚ್ಛೆಯಿಂದ ಪರದೇಶದ ಪೌರತ್ವವನ್ನು ಸ್ವೀಕರಿಸಿದವನು ನಮ್ಮ ಸಂವಿಧಾನದ 9 ನೆಯ ಅನುಚ್ಛೇದದಂತೆ ಮತ್ತು 1955 ರ ಪೌರತ್ವ ಕಾಯಿದೆಯಂತೆ ಭಾರತದ ಪ್ರಜೆಯಾಗಿ ಉಳಿಯುವುದಿಲ್ಲ.

ಉಳಿದ ಬಾಗಿಲು ಇಬಿ-5 ಎಂಬುದು. 1990 ರ ವಲಸೆ ಕಾಯಿದೆಯಿಂದ ಹುಟ್ಟಿದ ಈ ವರ್ಗ, ಹೂಡಿದವನಿಗೂ ಆತನ ಪತ್ನಿಗೂ ಇಪ್ಪತ್ತೊಂದು ತುಂಬದ ಅವಿವಾಹಿತ ಮಕ್ಕಳಿಗೂ ಹಸಿರು ಕಾರ್ಡನ್ನೇ, ಅರ್ಥಾತ್ ಶಾಶ್ವತ ವಾಸದ ಹಕ್ಕನ್ನೇ, ಕೊಡುತ್ತದೆ. 2022 ರ ಮಾರ್ಚಿನಲ್ಲಿ ಆದ ಸುಧಾರಣೆಯ ಪ್ರಕಾರ ಸಾಮಾನ್ಯವಾಗಿ 10 ಲಕ್ಷ 50 ಸಾವಿರ ಡಾಲರನ್ನೂ, ಗ್ರಾಮಪ್ರದೇಶದಲ್ಲಿ ಅಥವಾ ನಿರುದ್ಯೋಗ ಹೆಚ್ಚಾಗಿರುವ ಪ್ರದೇಶದಲ್ಲಿ 8 ಲಕ್ಷ ಡಾಲರನ್ನೂ ಹೂಡಬೇಕು. ರೂಪಾಯಿಯಲ್ಲಿ ಈ ಕಡಿಮೆಯ ಮೊತ್ತವೇ ಸುಮಾರು ಏಳು ಕೋಟಿ. ರಿಯಾಯಿತಿಯೆಂದೊಡನೆ ಮನಸ್ಸು ಅತ್ತ ಓಲುವುದು ಸಹಜ. ಆದರೆ ಗ್ರಾಮಪ್ರದೇಶವೆಂದರೆ ಮಹಾನಗರ ವಲಯದ ಹೊರಗಿದ್ದು, ಇಪ್ಪತ್ತು ಸಾವಿರ ಅಥವಾ ಅದಕ್ಕೂ ಹೆಚ್ಚು ಜನವಿರುವ ಪಟ್ಟಣಗಳಿಂದಲೂ ಹೊರಗಿರುವ ಸ್ಥಳ. ದೋಸೆಯ ರುಚಿ ಬಲ್ಲ ಜನ ಗುಂಪುಗುಂಪಾಗಿ ನೆಲೆಸಿರುವುದು ನ್ಯೂಜೆರ್ಸಿಯ ಎಡಿಸನ್ನಿನಂಥ ಊರುಗಳಲ್ಲಿ. ಎರಡೂವರೆ ಲಕ್ಷ ಡಾಲರು ಉಳಿಸಲು ಹೋದವನು ತನ್ನ ಗಿರಾಕಿಗಳನ್ನೇ ಬಿಟ್ಟು, ಜೋಳದ ಹೊಲಗಳ ನಡುವಣ ಊರೊಂದರಲ್ಲಿ ಹೆಂಚು ಕಾಯಿಸಿಕೊಂಡು ಕುಳಿತಿರಬೇಕಾಗಬಹುದು. ಉಳಿತಾಯಕ್ಕಿಂತ ಮೊದಲು ಉಣ್ಣುವವರೆಲ್ಲಿದ್ದಾರೆ ಎಂದು ನೋಡುವುದು ಹೋಟೆಲಿನವರ ಹಳೆಯ ವಿವೇಕ. ವೀಸಾದ ಆತುರದಲ್ಲಿ ಅದು ಮರೆಯಾಗಬಾರದು.

ಹಣ ಹೂಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದಲ್ಲ. ಆ ಹೂಡಿಕೆಯಿಂದ ಹತ್ತು ಪೂರ್ಣಕಾಲಿಕ ಉದ್ಯೋಗಗಳು ಹುಟ್ಟಬೇಕು; ಪೂರ್ಣಕಾಲಿಕವೆಂದರೆ ವಾರಕ್ಕೆ ಕನಿಷ್ಠ 35 ಗಂಟೆ. ಈ ಒಂದು ನಿಯಮದಲ್ಲಿಯೇ ಆ ಕಾನೂನಿನ ಸ್ವಭಾವ ಪ್ರಕಟವಾಗುತ್ತದೆಂದು ನಾನು ಬಗೆಯುತ್ತೇನೆ. ಹತ್ತರ ಲೆಕ್ಕದಲ್ಲಿ ಯಜಮಾನ ಸೇರುವುದಿಲ್ಲ, ಆತನ ಹೆಂಡತಿ ಸೇರುವುದಿಲ್ಲ, ಮಕ್ಕಳು ಸೇರುವುದಿಲ್ಲ. ಉಡುಪಿಯಿಂದ ತಾತ್ಕಾಲಿಕ ವೀಸಾದ ಮೇಲೆ ಕರೆಸಿಕೊಂಡ ಅಡುಗೆಯ ಭಟ್ಟರೂ ಸೇರುವುದಿಲ್ಲ, ಏಕೆಂದರೆ ನೌಕರನು ಆ ದೇಶದ ಪ್ರಜೆಯೋ ಶಾಶ್ವತ ನಿವಾಸಿಯೋ ಕಾನೂನುಬದ್ಧ ವಲಸಿಗನೋ ಆಗಿರತಕ್ಕದ್ದು. ಅರೆಹೊತ್ತು ದುಡಿಯುವ ಇಬ್ಬರ ಗಂಟೆಗಳನ್ನು ಕೂಡಿಸಿ ಒಂದು ಪೂರ್ಣ ಉದ್ಯೋಗವೆಂದು ತೋರಿಸುವುದಕ್ಕೂ ಆಸ್ಪದವಿಲ್ಲ. 1970 ರ ದಶಕದಲ್ಲಿ ಅಮೆರಿಕೆಯ ಹೆದ್ದಾರಿಗಳ ಬದಿಯ ಮೋಟೆಲುಗಳನ್ನು ಕೊಂಡ ಗುಜರಾತಿನ ಪಟೇಲರ ಕಥೆಯನ್ನು ಇಲ್ಲಿ ನೆನೆಯಬೇಕು. ಅವರು ಮೋಟೆಲಿನ ಕೋಣೆಗಳಲ್ಲಿಯೇ ಸಂಸಾರ ಹೂಡಿ, ಗಂಡ ಕೌಂಟರಿನಲ್ಲಿ ಕುಳಿತು, ಹೆಂಡತಿ ಹಾಸಿಗೆ ಮಡಿಸಿ, ಮಕ್ಕಳು ಶಾಲೆಯಿಂದ ಬಂದು ಟವೆಲು ಒಗೆದು, ಹೊರಗಿನವರಿಗೆ ಕೂಲಿ ಕೊಡದೆ ಉಳಿಸಿದ ಹಣದಿಂದಲೇ ಎರಡನೆಯ, ಮೂರನೆಯ ಮೋಟೆಲನ್ನು ಕೊಂಡರು; 1989 ರಲ್ಲಿ ತಮ್ಮದೇ ಆದ ಹೋಟೆಲು ಮಾಲೀಕರ ಸಂಘವನ್ನು ಕಟ್ಟಿಕೊಳ್ಳುವಷ್ಟರ ಮಟ್ಟಿಗೆ ಬೆಳೆದರು. ಮನೆಯವರೆಲ್ಲರ ಮೈಬೆವರೇ ಅವರ ಮೂಲಧನವಾಗಿದ್ದಿತು. ಇಬಿ-5 ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಆ ಮೂಲಧನವೊಂದನ್ನೇ. ತೋಟದ ಮನೆಯ ಗೃಹಿಣಿ ಬೆಳಗಿನ ಐದರಿಂದ ರಾತ್ರಿ ಹನ್ನೊಂದರ ತನಕ ಹಿಟ್ಟು ರುಬ್ಬಿದರೂ, ವಲಸೆ ಅಧಿಕಾರಿಯ ಪುಸ್ತಕದಲ್ಲಿ ಆಕೆಯ ಶ್ರಮಕ್ಕೆ ಒಂದು ಸಾಲೂ ಇರುವುದಿಲ್ಲ.

ಈ ಭಾರವನ್ನು ತಪ್ಪಿಸಿಕೊಳ್ಳಬಯಸುವವರಿಗಾಗಿ ರೀಜನಲ್ ಸೆಂಟರ್ ಎಂಬ ಏರ್ಪಾಡು 1992 ರಿಂದ ಇದೆ. ಅನೇಕರ ಹಣವನ್ನು ಒಟ್ಟುಗೂಡಿಸಿ ಕಟ್ಟಡ ಮೊದಲಾದ ದೊಡ್ಡ ಕಾಮಗಾರಿಗಳಿಗೆ ಹಾಕುವ ಅಲ್ಲಿ, ಪರೋಕ್ಷವಾಗಿ ಹುಟ್ಟುವ ಉದ್ಯೋಗಗಳನ್ನೂ ಲೆಕ್ಕ ಹಿಡಿಯಲಾಗುತ್ತದೆ. ಬಹುಜನ ಹೋಗುವುದು ಈ ಮಾರ್ಗದಲ್ಲಿಯೇ. ಆದರೆ ಅದು ಹಣ ಕೊಟ್ಟು ಕಾಯುವ ಮಾರ್ಗವೇ ಹೊರತು ವ್ಯಾಪಾರ ಕಟ್ಟುವ ಮಾರ್ಗವಲ್ಲ; ನಮ್ಮ ಯಜಮಾನನಿಗೆ ಬೇಕಾದ ಹೋಟೆಲು ಅಲ್ಲಿಲ್ಲ. ಎರಡಕ್ಕೂ ಸಮಾನವಾದ ಒಂದು ನಿಬಂಧನೆಯನ್ನು ಮಾತ್ರ ಮನದಟ್ಟು ಮಾಡಿಕೊಳ್ಳಬೇಕು: ಹೂಡಿದ ಹಣ ನಷ್ಟದ ಸಂಭವಕ್ಕೆ ಒಡ್ಡಿಕೊಂಡಿರಲೇಬೇಕು. ಇಂತಿಷ್ಟು ಕಾಲಕ್ಕೆ ಅಸಲು ಹಿಂದಿರುಗಿಸುತ್ತೇವೆಂದು ಮುಂಗಡವಾಗಿ ಬರೆದುಕೊಟ್ಟ ಹಣ ಹೂಡಿಕೆಯಲ್ಲವೆಂದೂ, ವ್ಯಾಪಾರಕ್ಕೆ ಇಳಿಯದೆ ಬ್ಯಾಂಕಿನ ಖಾತೆಯಲ್ಲಿ ಮಲಗಿದ ಹಣವೂ ಹೂಡಿಕೆಯಲ್ಲವೆಂದೂ 1998 ರ ಇಝುಮಿ ಮತ್ತು ಹೋ ಪ್ರಕರಣಗಳ ತೀರ್ಮಾನಗಳು ಸ್ಪಷ್ಟಪಡಿಸಿವೆ. ಆದುದರಿಂದ, ನಿಮ್ಮ ಹಣ ಎಲ್ಲಿಗೂ ಹೋಗದು ಎಂದು ಆಣೆಯಿಟ್ಟು ಹೇಳುವ ಮಧ್ಯವರ್ತಿ, ಒಂದೋ ಕಾನೂನನ್ನು ಅರಿಯದವನು, ಇಲ್ಲವೆ ಅರಿತೂ ಮರೆಮಾಡುವವನು.

ಇನ್ನು ಆ ಹಣ ಯಾರದು, ಎಲ್ಲಿಂದ ಬಂದಿತು ಎಂಬ ಪ್ರಶ್ನೆ. ಕಡತದ ಅತ್ಯಂತ ದಪ್ಪವಾದ ಭಾಗ ಇದಕ್ಕೆ ಮೀಸಲಾಗಿರುತ್ತದೆ. ಪ್ರತಿಯೊಂದು ಡಾಲರಿನ ಹಿಂದೆ ನ್ಯಾಯವಾದ ಮೂಲವಿದೆಯೆಂದು ತೋರಿಸಬೇಕು. ಏಳು ವರ್ಷಗಳ ತೆರಿಗೆಯ ದಾಖಲೆಗಳನ್ನು ಕೇಳುತ್ತಾರೆ. ಸಂಬಳಗಾರನಿಗೆ ಇದು ಸುಲಭ. ಬೆಂಗಳೂರಿನಿಂದ ಹೋಗಿ ಕ್ಯಾಲಿಫೋರ್ನಿಯದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುತ್ತ, ಉದ್ಯೋಗದ ವರ್ಗದಲ್ಲಿ ಹಸಿರು ಕಾರ್ಡಿನ ಸರದಿ ಎಂದು ಬಂದೀತೋ ಎಂದು ಬೇಸತ್ತು, ಕೂಡಿಟ್ಟ ಹಣವನ್ನು ಇಬಿ-5 ಕ್ಕೆ ಹಾಕುವ ಎಂಜಿನಿಯರನು ತನ್ನ ಸಂಬಳದ ಚೀಟಿಗಳನ್ನು ಮುಂದಿಟ್ಟರೆ ಬಹುಮಟ್ಟಿಗೆ ಸಾಕು. ಬೇಸಾಯಗಾರನ ಸ್ಥಿತಿ ಹಾಗಲ್ಲ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲವಾದ್ದರಿಂದ, ಮೂರು ತಲೆಮಾರು ಗೌರವದಿಂದ ಬಾಳಿದ ಮನೆಯ ತೆರಿಗೆ ವಿವರಣೆಗಳು ಪರದೇಶದ ಅಧಿಕಾರಿಗೆ ಬರಿದಾಗಿ ಕಾಣುತ್ತವೆ. ಆಗ ಹೊರಬರಬೇಕು ಪಹಣಿಗಳು, ಮುಟೇಷನ್ನಿನ ಪ್ರತಿಗಳು, ಉಪನೋಂದಣಾಧಿಕಾರಿಯ ಕಚೇರಿಯಿಂದ ಪಡೆದ ಋಣಭಾರ ಪತ್ರಗಳು, ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಕೊಟ್ಟ ರಸೀದಿಗಳು, ಅಜ್ಜನ ಕಾಲದ ಪಾಲುಪಟ್ಟಿ.

ಪಾಲುಪಟ್ಟಿಯೆಂದೊಡನೆ ಮನೆಯ ಒಳಗಿನ ಮಾತು ಆರಂಭವಾಗುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲೆಂದು ಕರ್ನಾಟಕ 1994 ರಲ್ಲಿಯೇ ತಿದ್ದುಪಡಿ ಮಾಡಿತ್ತು. 2005 ರಲ್ಲಿ ಅದು ದೇಶಕ್ಕೆಲ್ಲ ಅನ್ವಯವಾಯಿತು. ಪಹಣಿಯಲ್ಲಿ ಯಜಮಾನನೊಬ್ಬನ ಹೆಸರೇ ಇದ್ದರೂ, ಅರಸೀಕೆರೆಗೆ ಕೊಟ್ಟ ಅಕ್ಕನಿಗೂ ಮೂಡಿಗೆರೆಗೆ ಕೊಟ್ಟ ತಂಗಿಗೂ ಆ ತೋಟದಲ್ಲಿ ಹಕ್ಕಿರಬಹುದು. ಅವರ ಒಪ್ಪಿಗೆಯಿಲ್ಲದೆ ಆದ ಕ್ರಯದ ಹಣ, ನಾಳೆ ವ್ಯಾಜ್ಯಕ್ಕೆ ಬಿದ್ದರೆ, ಯಜಮಾನನದೆಂದು ಹೇಳುವುದು ಹೇಗೆ? ಅರಿಸಿನ ಕುಂಕುಮಕ್ಕೆಂದು ಕೊಟ್ಟದ್ದರಿಂದಲೇ ಪಾಲು ತೀರಿತೆಂದು ಮಾತಿನಲ್ಲಿ ಮುಗಿದುಹೋಗಿದ್ದ ವಿಷಯ ಈಗ ಕಾಗದದ ಮೇಲೆ ಏಳುತ್ತದೆ. ಸೋದರಿಯರು ಉಪನೋಂದಣಾಧಿಕಾರಿಯ ಕಚೇರಿಗೆ ಬಂದು ಪಾಲು ತೆಗೆದುಕೊಂಡೋ ಬಿಟ್ಟುಕೊಟ್ಟೋ ಸಹಿ ಹಾಕಬೇಕಾಗುತ್ತದೆ. ಬಿಟ್ಟುಕೊಡಿರೆಂದು ಒತ್ತಾಯಿಸಿ ಪಡೆದ ಸಹಿಯಿಂದ ಸಾಗರ ದಾಟುವುದಕ್ಕಿಂತ, ಕೊಡತಕ್ಕದ್ದನ್ನು ಕೊಟ್ಟು ಉಳಿದುದರಲ್ಲಿ ಸಾಧ್ಯವಾದುದನ್ನು ಮಾಡುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ. ಹೀಗೆ ಕೂಡಿದ ಕನ್ನಡದ ಕಾಗದಗಳೆಲ್ಲವೂ ಪೂರ್ತಿಯಾಗಿ ಇಂಗ್ಲಿಷಿಗೆ ಅನುವಾದಗೊಂಡು, ಅನುವಾದ ಸರಿಯಾಗಿದೆಯೆಂದು ಅನುವಾದಕನ ದೃಢೀಕರಣವನ್ನು ಹೊತ್ತು ಹೋಗಬೇಕು. ನಲವತ್ತು ಗುಂಟೆಗೆ ಒಂದು ಎಕರೆಯೆಂಬುದನ್ನೂ, ಖರಾಬು ಎಂದರೇನೆಂಬುದನ್ನೂ ವಾಷಿಂಗ್ಟನ್ನಿನ ಕಡೆಯ ಒಬ್ಬ ಗುಮಾಸ್ತನಿಗೆ ತಿಳಿಯುವಂತೆ ಬರೆಯುವುದು ಸಾಮಾನ್ಯ ಕೆಲಸವಲ್ಲ.

ಹಣವನ್ನು ಕಳುಹಿಸುವ ಬಗೆಯನ್ನು ಸಂಕ್ಷೇಪವಾಗಿ ಹೇಳಬಹುದು. ರಿಸರ್ವ್ ಬ್ಯಾಂಕು 2004 ರಲ್ಲಿ 25,000 ಡಾಲರಿನ ಮಿತಿಯಿಂದ ಆರಂಭಿಸಿದ ಉದಾರೀಕೃತ ರವಾನೆ ಯೋಜನೆಯಲ್ಲಿ ಈಗ ಒಬ್ಬೊಬ್ಬ ನಿವಾಸಿಯೂ ಒಂದು ಹಣಕಾಸಿನ ವರ್ಷದಲ್ಲಿ 2 ಲಕ್ಷ 50 ಸಾವಿರ ಡಾಲರನ್ನು ಹೊರದೇಶಕ್ಕೆ ಕಳುಹಿಸಬಹುದು. ಗಂಡಹೆಂಡಿರಿಬ್ಬರೂ ಮಾರ್ಚಿ ಮುಗಿಯುವುದರೊಳಗೆ ಒಮ್ಮೆ, ಏಪ್ರಿಲ್ ಹುಟ್ಟಿದ ಮೇಲೆ ಒಮ್ಮೆ ಕಳುಹಿಸಿದರೆ ಹತ್ತು ಲಕ್ಷ ಡಾಲರಾಗುತ್ತದೆ. ಕಾಫಿ ಕೊಯ್ಲು ಮುಗಿಯುವ ಕಾಲವೂ ಅದೇ. ಆದರೆ ಹೂಡಿಕೆಯಲ್ಲಿ ಸಹಭಾಗಿಗಳಲ್ಲದವರು ತಮ್ಮ ಮಿತಿಗಳನ್ನು ಕೂಡಿಸುವುದಕ್ಕೆ ನಿರ್ಬಂಧವುಂಟು. ಬ್ಯಾಂಕಿನಿಂದ ಸಾಲ ತೆಗೆದು ಇಂಥ ಹೂಡಿಕೆಗೆ ಕಳುಹಿಸುವಂತೆಯೂ ಇಲ್ಲ. ಹತ್ತು ಲಕ್ಷ ರೂಪಾಯಿ ಮೀರಿದ ಮೊತ್ತಕ್ಕೆ ಶೇಕಡ 20 ರಷ್ಟನ್ನು ಬ್ಯಾಂಕು ಮೂಲದಲ್ಲಿಯೇ ತೆರಿಗೆಯೆಂದು ವಸೂಲು ಮಾಡುತ್ತದೆ. ಅದು ಮುಂದೆ ಲೆಕ್ಕಕ್ಕೆ ಜಮೆಯಾಗಿ, ಹೆಚ್ಚಾದದ್ದು ಹಿಂದಿರುಗುವುದಾದರೂ, ಏಳು ಕೋಟಿಯ ಮೇಲೆ ಸುಮಾರು ಒಂದು ಕೋಟಿ ನಲವತ್ತು ಲಕ್ಷ ರೂಪಾಯಿ ಕೆಲಕಾಲ ಕೈಗೆ ಸಿಗದೆ ಕುಳಿತಿರುತ್ತದೆಂಬುದನ್ನು ಮೊದಲೇ ಎಣಿಸಿಕೊಳ್ಳದವರು ನಡುದಾರಿಯಲ್ಲಿ ತತ್ತರಿಸುತ್ತಾರೆ.

ನಾನು ಇಷ್ಟೆಲ್ಲವನ್ನೂ ಬರೆದುದು ಮಗಳ ಮಾತಿಗೆ ಬರುವುದಕ್ಕಾಗಿ. ಆಕೆಗೆ ಈಗ ಹದಿನೇಳು. ಕಾನೂನು ಇಪ್ಪತ್ತೊಂದಕ್ಕೆ ಬಾಗಿಲು ಹಾಕುತ್ತದೆ. 2002 ರ ಒಂದು ಕಾಯಿದೆಯಂತೆ, ತಂದೆಯ ಅರ್ಜಿ ಅಧಿಕಾರಿಗಳ ಪರಿಶೀಲನೆಯಲ್ಲಿದ್ದ ದಿನಗಳನ್ನು ಮಗುವಿನ ವಯಸ್ಸಿನಿಂದ ಕಳೆದು ಎಣಿಸುವ ಒಂದು ದಯೆಯುಂಟು. ಆದರೆ ಅರ್ಜಿ ಮಂಜೂರಾದ ಮೇಲೂ ವೀಸಾದ ಸರದಿಗಾಗಿ ಕಾಯಬೇಕಾಗಿ ಬಂದರೆ, ಆ ಕಾಲಕ್ಕೆ ಅಂಥ ಕಳೆತವಿಲ್ಲ. ಈ ವರ್ಗಕ್ಕೆ ವರ್ಷಕ್ಕೆ ಸುಮಾರು ಹತ್ತು ಸಾವಿರ ವೀಸಾಗಳು ಮಾತ್ರ. ಅದರಲ್ಲಿ ಹೂಡಿದವನಷ್ಟೇ ಅಲ್ಲದೆ ಆತನ ಹೆಂಡತಿ ಮಕ್ಕಳೂ ಒಬ್ಬೊಬ್ಬರಾಗಿ ಎಣಿಕೆಯಾಗುತ್ತಾರೆ. ಒಂದೊಂದು ದೇಶಕ್ಕೆ ಶೇಕಡ 7 ರ ಮಿತಿಯೂ ಇದೆ. ಚೀನಾದವರಂತೆ ಭಾರತದವರಿಗೂ ಸಾಮಾನ್ಯ ವರ್ಗದಲ್ಲಿ ಸರದಿ ಹಿಂದೆ ಬಿದ್ದುದರಿಂದಲೇ, 2022 ರ ಸುಧಾರಣೆಯಲ್ಲಿ ಗ್ರಾಮಪ್ರದೇಶದ ಹೂಡಿಕೆಗೆಂದು ಶೇಕಡ 20 ರಷ್ಟು ವೀಸಾಗಳನ್ನು ಮೀಸಲಿಟ್ಟುದು ಅನೇಕ ತಂದೆತಾಯಿಗಳಿಗೆ ಆಸರೆಯಾಯಿತು. ಜೋಳದ ಹೊಲಗಳ ನಡುವಿನ ಊರಿಗೆ ಗಿರಾಕಿಯಿಲ್ಲವೆಂದು ಆಗಲೇ ಹೇಳಿದೆನಷ್ಟೆ; ಮಗಳ ವಯಸ್ಸನ್ನು ಎಣಿಸುವ ತಂದೆ ಅದೇ ಊರನ್ನು ಆರಿಸಿಕೊಳ್ಳುವಂತಾಗುತ್ತದೆ. ವ್ಯಾಪಾರ ಒಂದು ದಿಕ್ಕಿಗೂ ಸಂಸಾರ ಇನ್ನೊಂದು ದಿಕ್ಕಿಗೂ ಎಳೆಯುವ ಇಂಥ ಘಳಿಗೆಯಲ್ಲಿ ಲೆಕ್ಕಪರಿಶೋಧಕನಾಗಲಿ ವಕೀಲನಾಗಲಿ ತೀರ್ಪು ಹೇಳಲಾರರು. ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನ ಮಗಳ ಜನನ ಪತ್ರವನ್ನು ಮೇಜಿನ ಮೇಲಿಟ್ಟು, ತಿಂಗಳುಗಳನ್ನು ಬೆರಳೆಣಿಸಿ ನೋಡಿ, ಆಕೆಯನ್ನೂ ಕೂರಿಸಿಕೊಂಡು ಕೇಳಬೇಕು. ಹದಿನೇಳರ ಹುಡುಗಿಗೆ ತನ್ನದೇ ಆದ ಮನಸ್ಸಿರುತ್ತದೆ. ಆಕೆ ಹಾಸನದಲ್ಲಿಯೋ ಮೈಸೂರಿನಲ್ಲಿಯೋ ಓದಬೇಕೆಂದಿದ್ದರೆ, ಆಕೆಗಾಗಿಯೇ ಮಾಡಿದ ಈ ಮಹಾಯೋಜನೆಯಲ್ಲಿ ಆಕೆಯೇ ಇರುವುದಿಲ್ಲ.

ಅಜ್ಜಿಯ ಹೆಸರಂತೂ ಈ ಕಡತದಲ್ಲಿ ಎಲ್ಲಿಯೂ ಬರುವುದಿಲ್ಲ. ಹೂಡಿದವನ ತಂದೆತಾಯಿಯರು ಅವಲಂಬಿತರ ಲೆಕ್ಕಕ್ಕೆ ಸೇರರು. ಮಗ ಐದು ವರ್ಷ ಶಾಶ್ವತ ನಿವಾಸಿಯಾಗಿದ್ದು ಅಲ್ಲಿಯ ಪ್ರಜೆಯಾದ ಮೇಲೆ ತಾಯಿಗಾಗಿ ಅರ್ಜಿ ಹಾಕಬಹುದು. ಎಪ್ಪತ್ತೈದು ದಾಟಿದವಳಿಗೆ ಆ ವರ್ಷಗಳ ಬೆಲೆಯೇನೆಂಬುದನ್ನು ಮಗನೇ ಬಲ್ಲ. ಮಾರದೆ ಉಳಿದ ಅರ್ಧ ತೋಟವನ್ನು ನೋಡಿಕೊಂಡು ಆಕೆ ಇಲ್ಲಿಯೇ ಇದ್ದಾಳು. ಆ ಅರ್ಧವನ್ನು ಮಾರದಿರುವುದು ಇನ್ನೊಂದು ಕಾರಣದಿಂದಲೂ ಲೇಸು: ಅನಿವಾಸಿಯಾದವನು ಕೃಷಿಭೂಮಿಯನ್ನಾಗಲಿ ತೋಟವನ್ನಾಗಲಿ ನಮ್ಮ ದೇಶದಲ್ಲಿ ಹೊಸದಾಗಿ ಕೊಳ್ಳುವಂತಿಲ್ಲ, ಇದ್ದುದನ್ನು ಉಳಿಸಿಕೊಳ್ಳಬಹುದು, ವಾರಸಿನಿಂದ ಬಂದುದನ್ನು ಪಡೆಯಬಹುದು. ಮಾರಿದ ಕಾಫಿ ಗಿಡದ ನೆರಳಿಗೆ ಮತ್ತೆ ಒಡೆಯನಾಗಿ ಬಂದು ನಿಲ್ಲುವುದು ಸುಲಭವಲ್ಲ. ಉಳಿದ ತೋಟದ ಆದಾಯಕ್ಕೆ ಇಲ್ಲಿ ಕೇಂದ್ರದ ತೆರಿಗೆಯಿಲ್ಲದಿದ್ದರೂ, ಅಮೆರಿಕೆ ತನ್ನ ಶಾಶ್ವತ ನಿವಾಸಿಯ ಜಗತ್ತಿನಾದ್ಯಂತದ ಆದಾಯವನ್ನೆಲ್ಲ ತನ್ನ ತೆರಿಗೆಯ ವ್ಯಾಪ್ತಿಗೆ ತಂದುಕೊಳ್ಳುತ್ತದೆ. ಹೊರದೇಶದ ಬ್ಯಾಂಕು ಖಾತೆಗಳ ಮೊತ್ತ ವರ್ಷದಲ್ಲಿ ಎಂದಾದರೂ 10,000 ಡಾಲರನ್ನು ಮೀರಿದರೆ ಅದನ್ನೂ ವರದಿ ಮಾಡಬೇಕು. ಸಕಲೇಶಪುರದ ಸಹಕಾರಿ ಬ್ಯಾಂಕಿನ ಪಾಸ್‌ಬುಕ್ಕೂ ಆ ಲೆಕ್ಕಕ್ಕೆ ಸೇರುತ್ತದೆ.

ಹೀಗೆಲ್ಲ ಆಗಿ ಹೋದವರಿಗೆ ಮೊದಲು ಸಿಗುವ ಹಸಿರು ಕಾರ್ಡು ಎರಡು ವರ್ಷದ ಷರತ್ತಿನದು. ಆ ಎರಡು ವರ್ಷ ಮುಗಿಯುವ ಮುಂಚಿನ ತೊಂಬತ್ತು ದಿನಗಳಲ್ಲಿ, ಹಣ ನಿಜವಾಗಿ ವ್ಯಾಪಾರಕ್ಕೆ ಇಳಿಯಿತು, ಉದ್ಯೋಗಗಳು ಹುಟ್ಟಿದವು ಎಂಬುದಕ್ಕೆ ಸಾಕ್ಷ್ಯವನ್ನು ಒಪ್ಪಿಸಿ, ಷರತ್ತನ್ನು ತೆಗೆಯಿರೆಂದು ಮತ್ತೊಂದು ಅರ್ಜಿ ಸಲ್ಲಿಸಬೇಕು. ಮಳಿಗೆಯ ಬಾಡಿಗೆಯ ಕರಾರು, ಒಲೆ ಮತ್ತು ಶೀತಲಪೆಟ್ಟಿಗೆಗಳನ್ನು ಕೊಂಡ ಬಿಲ್ಲುಗಳು, ಸರಕಾರಕ್ಕೆ ಕಟ್ಟಿದ ವೇತನ ತೆರಿಗೆಯ ತ್ರೈಮಾಸಿಕ ವರದಿಗಳು ಅದರೊಡನೆ ಹೋಗುತ್ತವೆ. ಮೊದಲ ಹಾಳೆಯಲ್ಲಿ ಅಜ್ಜನ ಹೆಸರಿನ ಪಹಣಿಯಿಂದ ಆರಂಭವಾದ ಆ ಕಡತ, ಕೊನೆಯ ಹಾಳೆಗಳಲ್ಲಿ, ಜೋಳದ ಹೊಲಗಳ ನಡುವಣ ಊರಿನಲ್ಲಿ ವಾರಕ್ಕೆ ಮೂವತ್ತೈದು ಗಂಟೆ ತಟ್ಟೆ ತೊಳೆದ, ತರಕಾರಿ ಹೆಚ್ಚಿದ, ಗಲ್ಲಾಪೆಟ್ಟಿಗೆಯಲ್ಲಿ ಕುಳಿತ ಹತ್ತು ಮಂದಿಯ ಹೆಸರುಗಳಿಗೂ ಅವರ ಸಂಬಳದ ಚೀಟಿಗಳಿಗೂ ಬಂದು ನಿಲ್ಲುತ್ತದೆ.